ನೀರು ಬೆರೆಸದ ಬರ್ಬನ್, ನೀರು ಬೆರೆಸಿದ ಚರಿತ್ರೆ

ಬರ್ಬನ್ ರಸಿಕರು ಎಂಬ ಹೊಸ ಜಾತಿಯೊಂದು ಹುಟ್ಟಿಕೊಂಡಿದೆ. ಅದರ ಮೂಲಪೀಠ ಅಮೆರಿಕದ ಕೆಂಟಕಿ. ಈ ಜಾತಿಯ ಪುರೋಹಿತರು ಗ್ಲಾಸನ್ನು ಬೆಳಕಿಗೆ ಹಿಡಿದು, ಅದರೊಳಗೆ ಮೂಗಿಟ್ಟು, ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ ಮಂತ್ರ ಹೇಳುತ್ತಾರೆ: ವೆನಿಲಾ, ಕ್ಯಾರಮೆಲ್, ಸುಟ್ಟ ಓಕ್, ತಂಬಾಕು, ಚರ್ಮ. ಆಮೇಲೆ ನೂರಕ್ಕೆ ಇಷ್ಟು ಅಂತ ಅಂಕ. ಚರ್ಮದ ವಾಸನೆ ಬಂತು ಅಂತ ಹಿಗ್ಗಿ ಅಂಕ ಹೆಚ್ಚಿಸುವವರನ್ನು ನಾವಂತೂ ಬೇರೆಲ್ಲೂ ಕಂಡಿಲ್ಲ. ಅದೇ ವಾಸನೆಯ ನೆಪ ಹೇಳಿ ಚರ್ಮ ಹದ ಮಾಡುವ ನಮ್ಮವರನ್ನು ಊರಾಚೆ ಇಟ್ಟಿದ್ದಾರೆ.

ಈ ರಸಿಕರು ಅತಿ ಎತ್ತರದಲ್ಲಿ ಕೂರಿಸಿರುವುದು 'ಬ್ಯಾರಲ್ ಪ್ರೂಫ್' ಬರ್ಬನ್ನನ್ನು. ಪೀಪಾಯಿಯಿಂದ ಇಳಿಸಿದ್ದನ್ನು ನೀರು ಬೆರೆಸದೆ ಬಾಟಲಿಗೆ ತುಂಬಿದ್ದು ಎಂದರ್ಥ. ಅಮೆರಿಕದ ಕಾಯಿದೆ ಪ್ರಕಾರ ಬರ್ಬನ್ನಿನ ಧಾನ್ಯದಲ್ಲಿ ಕಡೇಪಕ್ಷ ಶೇ. 51 ಮುಸುಕಿನ ಜೋಳ ಇರಬೇಕು; ಅದನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ಪ್ರೂಫ್ ಎಂದರೆ ಆಲ್ಕೋಹಾಲಿನ ಶೇಕಡಾ ಪ್ರಮಾಣದ ಎರಡರಷ್ಟು. ಭಟ್ಟಿಯಿಂದ ಇಳಿಯುವಾಗ 160 ಪ್ರೂಫ್ ಮೀರಬಾರದು, ಪೀಪಾಯಿಗೆ ತುಂಬುವಾಗ 125 ಮೀರಬಾರದು. 140ಕ್ಕೆ ಇಳಿದ ಸರಕನ್ನು 125ಕ್ಕೆ ತರುವುದು ಹೇಗೆ ಸ್ವಾಮಿ? ನೀರು ಹಾಕಿಯೇ. ಒಳಗೆ ಹೋಗುವ ಮೊದಲೇ ನೀರು ಕುಡಿದದ್ದು ಆಚೆ ಬರುವಾಗ ಶುದ್ಧ ಅನ್ನಿಸಿಕೊಳ್ಳುತ್ತದೆ. ಕೆಂಟಕಿಯ ಬೇಸಿಗೆಯಲ್ಲಿ ಉಗ್ರಾಣದ ಮೇಲಂತಸ್ತಿನ ಪೀಪಾಯಿಗಳಿಂದ ನೀರೇ ಹೆಚ್ಚಾಗಿ ಆರಿಹೋಗಿ ಪ್ರೂಫ್ ಮತ್ತೆ ಏರುವುದೂ ಉಂಟು. ಹಾಗೆ ಆರಿಹೋದದ್ದಕ್ಕೆ ಅವರಿಟ್ಟ ಹೆಸರು ದೇವದೂತರ ಪಾಲು. ಪಾಲು ಹಂಚುವಾಗ ಕಣ್ಣಿಗೆ ಕಾಣದವರ ನೆನಪೂ ಬಂತು ನೋಡಿ!

ರುಚಿಯೇ ಸುಳ್ಳು ಅಂತ ನಾವು ವಾದಿಸುವುದಿಲ್ಲ. ಸುಟ್ಟ ಓಕ್ ಮರವೇ ವೆನಿಲಾದ ವಾಸನೆ ಬಿಡುತ್ತದೆ. ಮರದೊಳಗಿನ ಸಕ್ಕರೆ ಬೆಂದು ಪಾಕದ ರುಚಿ ಕೊಡುತ್ತದೆ. ಆದರೆ ಶೇ. 60 ದಾಟಿದ ಮದ್ಯವನ್ನು ಹಾಗೇ ನಾಲಗೆಗೆ ಬಿಟ್ಟರೆ ಮೊದಲು ಗೊತ್ತಾಗುವುದು ಉರಿ. ನಾಲ್ಕು ಹನಿ ನೀರು ಬಿದ್ದ ಮೇಲೆ ವಾಸನೆ ಬಿಚ್ಚಿಕೊಳ್ಳುತ್ತದೆ. ಪಳಗಿದವರು ಹಾಗೇ ಮಾಡುತ್ತಾರೆ. ಅಂದಮೇಲೆ ಬೆಲೆಯ ಲೆಕ್ಕ ಸುಲಭ (ಮೇಷ್ಟ್ರುಗಳು ಇದನ್ನು ಶಾಲೆಯ ಬೋರ್ಡಿನ ಮೇಲೆ ಮಾಡಬೇಡಿ). 125 ಪ್ರೂಫಿನ 750 ಮಿ.ಲೀ. ಬಾಟಲಿಯಲ್ಲಿ ಆಲ್ಕೋಹಾಲು ಸುಮಾರು 469 ಮಿ.ಲೀ.; 80 ಪ್ರೂಫಿನದರಲ್ಲಿ 300. ಒಂದಕ್ಕೆ ಒಂದೂವರೆ, ಇನ್ನೂ ಚೂರು ಹೆಚ್ಚು. ಅದರ ಮೇಲೆ ಕೊಟ್ಟ ದುಡ್ಡೆಲ್ಲ ವಯಸ್ಸಿಗೆ, ಬೇಕೆಂದೇ ಸಾಕಿದ ಕೊರತೆಗೆ, ಹೆಸರಿಗೆ. ಪ್ಯಾಪಿ ವ್ಯಾನ್ ವಿಂಕಲ್ ಎಂಬ ಬಾಟಲಿ ಕಂಪನಿ ಹಾಕಿದ ಬೆಲೆಯ ಹಲವು ಪಟ್ಟಿಗೆ, ಬಿರಡೆ ತೆಗೆಯದೆ ಕೈಯಿಂದ ಕೈಗೆ ಹೋಗುತ್ತದೆ. ಕುಡಿಯದೆ ಇರುವ ಮದ್ಯಕ್ಕೆ ಯಾವ ರುಚಿ?

ಹೆಸರಿಗೆ ಅಂದೆವಲ್ಲ, ಯಾರ ಹೆಸರಿಗೆ? 'ಎಲೈಜಾ ಕ್ರೇಗ್' ಬ್ಯಾರಲ್ ಪ್ರೂಫ್ ಅಂದರೆ ರಸಿಕರಿಗೆ ಪ್ರಾಣ. ಈ ಕ್ರೇಗ್ ಹದಿನೆಂಟನೆಯ ಶತಮಾನದ ಬ್ಯಾಪ್ಟಿಸ್ಟ್ ಪಾದ್ರಿ. ಸುಟ್ಟ ಪೀಪಾಯಿಯಲ್ಲಿ ಮದ್ಯ ಇಡುವುದನ್ನು ಕಂಡುಹಿಡಿದವನು ಇವನೇ ಎಂಬ ಕತೆಗೆ ಗಟ್ಟಿ ಆಧಾರ ಇಲ್ಲ. ಕಪ್ಪುಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಎಂಬುದಕ್ಕೆ ಆಧಾರ ಇದೆ. ಲೇಬಲ್ ಮೇಲೆ ಬಂದದ್ದು ಯಾವುದು ಎಂದು ನಾವು ಹೇಳಬೇಕೆ?

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮೌಂಟ್ ವರ್ನನ್ನಿನಲ್ಲಿ ಭಟ್ಟಿ ಇಟ್ಟಿದ್ದ. ಅಲ್ಲಿ ಇಳಿಯುತ್ತಿದ್ದದ್ದು ಹೆಚ್ಚಾಗಿ ರೈ ಧಾನ್ಯದ ವಿಸ್ಕಿ, ಬರ್ಬನ್ ಅಲ್ಲ. ದುಡಿಸಿದ ರೀತಿ ಮಾತ್ರ ಒಂದೇ. 1799ರಲ್ಲಿ ಅಲ್ಲಿಂದ ಇಳಿದದ್ದು ಹತ್ತಿರ ಹತ್ತಿರ 11,000 ಗ್ಯಾಲನ್. ಬೆಂಕಿ ಕಾಯುತ್ತಾ, ಕೊಳೆ ಕಲಸುತ್ತಾ ಅಲ್ಲಿ ದುಡಿದ ಆರು ಗುಲಾಮರ ಹೆಸರು ದಾಖಲೆಯಲ್ಲಿವೆ: ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ತಿಮೋತಿ. ಮನೆತನದ ಹೆಸರಿಲ್ಲ, ಬರೀ ಕೂಗುವ ಹೆಸರು. ಜೀತದ ಲೆಕ್ಕದ ಪುಸ್ತಕದಲ್ಲಿ ತಾತನ ಹೆಸರು ಹುಡುಕಿದವರಿಗೆ ಇದು ಅರ್ಥವಾಗುತ್ತದೆ.

ಟೆನೆಸಿಯ ಲಿಂಚ್‌ಬರ್ಗಿನಲ್ಲಿ ನೇಥನ್ 'ನಿಯರೆಸ್ಟ್' ಗ್ರೀನ್ ಎಂಬ ಗುಲಾಮನಿದ್ದ. ಭಟ್ಟಿ ಇಳಿಸುವುದರಲ್ಲಿ ಅವನ ಕೈ ಎತ್ತಿದ ಕೈ. ಡ್ಯಾನ್ ಕಾಲ್ ಎಂಬ ಪಾದ್ರಿಯ ಜಮೀನಿನಲ್ಲಿ ದುಡಿಯುತ್ತಾ, ಕೆಲಸಕ್ಕೆ ಬಂದ ಒಬ್ಬ ಬಿಳಿ ಹುಡುಗನಿಗೆ ವಿದ್ಯೆ ಕಲಿಸಿದ. ಹುಡುಗ ಜ್ಯಾಕ್ ಡೇನಿಯಲ್. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಆ ಹುಡುಗನ ಭಟ್ಟಿಗೆ ಗ್ರೀನ್ ಮೊದಲ ಮುಖ್ಯಸ್ಥನೂ ಆದ. ಶಿಷ್ಯನ ಹೆಸರು ಲೋಕಕ್ಕೆಲ್ಲ ಗೊತ್ತು. ಗುರುವಿನ ವಿಷಯವನ್ನು ಕಂಪನಿ ಬಾಯಿಬಿಟ್ಟು ಹೇಳತೊಡಗಿದ್ದು 2016ರಲ್ಲಿ. ಹೆಬ್ಬೆರಳು ಕೇಳಿದ ಗುರುವಿನ ಕತೆ ನಮಗೆ ಗೊತ್ತಿತ್ತು. ಇಲ್ಲಿ ಗುರುವಿನ ಹೆಸರನ್ನೇ ಕತ್ತರಿಸಿಕೊಂಡಿದ್ದಾರೆ.

'ಮದ್ಯವನ್ನು ಮದ್ಯವಾಗಿ ನೋಡಿ, ಅದರಲ್ಲಿ ಗುಲಾಮಗಿರಿ ಯಾಕೆ ಹುಡುಕ್ತೀರಿ' ಅಂತ ರಸಿಕರು ಸಿಡುಕಬಹುದು. ಈ ಮಾತು ನಮಗೆ ಹಳೆಯದು. ಕೃತಿಯನ್ನು ಕೃತಿಯಾಗಿ ನೋಡಿ ಅಂತ ನವ್ಯದ ವಿಮರ್ಶಕರು ನಮಗೆ ಪಾಠ ಹೇಳಲಿಲ್ಲವೆ? ಭಟ್ಟಿ ಇಳಿಸಿದ ಮೇಲೆ ಉಳಿಯುವ ಕಾಳಿನ ಚರಟ ಕೆಂಟಕಿಯಲ್ಲಿ ದನದ ಮೇವಾಗುತ್ತದೆ, ಅಂದರೆ ಬೂಸಾ. 1973ರಲ್ಲಿ ಬಸವಲಿಂಗಪ್ಪನವರು ಈ ಒಂದು ಪದ ಆಡಿ ಮಂತ್ರಿಗಿರಿ ಕಳೆದುಕೊಂಡರು. ನಾವು ಕಳೆದುಕೊಳ್ಳುವುದಕ್ಕೆ ಮಂತ್ರಿಗಿರಿ ಇಲ್ಲದ್ದರಿಂದ ಧೈರ್ಯವಾಗಿ ಹೇಳುತ್ತೇವೆ: ದುಡಿದವನ ಬೆವರಿಗೆ ಒಂದಂಕವೂ ಇಲ್ಲದ ನಿಮ್ಮ ರುಚಿಪಟ್ಟಿ ಬೂಸಾ. ಓಕಿನ ವಯಸ್ಸನ್ನು ವರ್ಷದ ಲೆಕ್ಕದಲ್ಲಿ, ಪ್ರೂಫನ್ನು ದಶಮಾಂಶದವರೆಗೆ ಬರೆಯುವವರಿಗೆ ಆರು ಹೆಸರು ಬರೆಯಲು ಲೇಬಲ್ಲಿನಲ್ಲಿ ಜಾಗ ಸಾಲುವುದಿಲ್ಲವೆ?

ಇದು ಅಮೆರಿಕದವರ ಜಗಳ, ನಮಗ್ಯಾಕೆ ಅಂತ ಕೇಳುವ ಗೆಳೆಯರಿಗೆ ಒಂದು ಮಾತು. 2025ರ ಫೆಬ್ರವರಿಯಲ್ಲಿ, ಪ್ರಧಾನಿ ಟ್ರಂಪ್ ಅವರನ್ನು ಕಾಣಲು ಹೋದ ಹೊತ್ತಿನಲ್ಲೇ, ಭಾರತ ಸರ್ಕಾರ ಬರ್ಬನ್ನಿನ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿತು. ಆಗ ಇಳಿಸಿದ್ದು ಬರ್ಬನ್ನಿಗೆ ಮಾತ್ರ. ಅದನ್ನು ಕೊಂಡು ಕುಡಿಯುವವನು ರಸಿಕ. ಕೂಲಿ ಮುಗಿಸಿ ಬಂದು ಗಡಂಗಿನ ಮುಂದೆ ನಿಂತವನು ಕುಡುಕ. ಅವನ ಸಾರಾಯಿಯನ್ನು 2007ರ ಜುಲೈ 1ರಿಂದ ಕರ್ನಾಟಕದಲ್ಲಿ ನಿಲ್ಲಿಸಿದರು. ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಹೆಂಡತಿ ಮಕ್ಕಳ ಗೋಳು ಹಾಗೇ ಉಳಿಯಿತು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರು ನಡೆದರು. ಆ ತಾಯಂದಿರಿಗಾಗಿ ಯಾವ ಸುಂಕವೂ ಇಳಿಯಲಿಲ್ಲ, ಯಾವ ಅಂಗಡಿಯ ಬಾಗಿಲೂ ಮುಚ್ಚಲಿಲ್ಲ. ಕಾಲಿನ ಬೊಬ್ಬೆಗಳೊಂದಿಗೆ ಊರಿಗೆ ಹಿಂತಿರುಗಿದರು.