ಕಾಣದ ಓದುಗರು

ದೃಷ್ಟಿಯನ್ನು ಕಳೆದುಕೊಂಡಿರುವ ನಮ್ಮ ಮಿತ್ರರೊಬ್ಬರು, ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಅಂತರ್ಜಾಲದಲ್ಲಿ ಅರ್ಜಿಯೊಂದನ್ನು ತುಂಬಲು ಕುಳಿತರು. ಯಂತ್ರವು "ಬಟನ್, ಬಟನ್" ಎಂದಷ್ಟೇ ನುಡಿಯಿತು. ಯಾವುದು ಏತಕ್ಕೆಂದು ತಿಳಿಯದೆ ಅವರು ಕೈಚೆಲ್ಲಿದರು. ನಮ್ಮ ಕಣ್ಣಿಗೇನೋ ಆ ಪುಟವು ಮನೋಹರವಾಗಿಯೇ ಇದ್ದಿತು!

ಅದನ್ನು ಕಟ್ಟಿದವನು ನಮ್ಮ ಪೂರ್ವವಿದ್ಯಾರ್ಥಿಯೆಂದು ತಿಳಿದು ಅವನನ್ನು ಕರೆಸಿದೆವು. ಕೇಳಿ ಅವನ ಮುಖವು ಬಾಡಿತು. "ಬಟನ್ನುಗಳಿಗೆ ಚಿತ್ರಗಳನ್ನಿಟ್ಟೆನು, ಹೆಸರುಗಳನ್ನಿಡಲಿಲ್ಲ. ಅವಸರವಿತ್ತು; ಯಾರೂ ಕೇಳಲೂ ಇಲ್ಲ" ಎಂದನು.

ಯಾರೂ ಕೇಳದೆಡೆಯಲ್ಲಿಯೇ ನಿಯಮವು ಬೇಕಾಗುವುದು. ಟಿಮ್ ಬರ್ನರ್ಸ್-ಲೀ ಅವರು 1994ರಲ್ಲಿ ಸ್ಥಾಪಿಸಿದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು, ಚಿತ್ರಕ್ಕೆ ಪ್ರತಿಯಾಗಿ ಬರಹವಿರತಕ್ಕದ್ದೆಂದು 1999ರ ತನ್ನ ಮಾರ್ಗಸೂಚಿಯಲ್ಲಿಯೇ ಸಾರಿದೆ. ಆ ಬರಹವು ಸಾಮಾನ್ಯವಾಗಿ ಪರದೆಯ ಮೇಲೆ ತೋರದು. ಕಿವಿಯಿಂದ ಓದುವವರಿಗೆ ಅದೇ ಕಣ್ಣು. ವ್ಯಾಕರಣವನ್ನು ಕಲಿಸುವಾಗ ನಾವು ಹೇಳುತ್ತಿದ್ದುದೂ ಇದನ್ನೇ: ನಾವು ಎಂದಿಗೂ ಕಾಣದವರಿಗೂ ನಮ್ಮ ಮಾತು ತಿಳಿಯಲೆಂದು ನಿಯಮವಿರುವುದು.

ಶಿಷ್ಯನು ಆ ರಾತ್ರಿಯೇ ಪುಟವನ್ನು ತಿದ್ದಿದನು. ಮರುದಿನ ಮಿತ್ರರು ಪರರ ಹಂಗಿಲ್ಲದೆ ತಾವೇ ಅರ್ಜಿಯನ್ನು ಕಳುಹಿಸಿದರು. ವಾಚಕರ ಮನೆಯ ಮಕ್ಕಳು ಈ ವೃತ್ತಿಯಲ್ಲಿದ್ದಲ್ಲಿ, ಅವರಿಗೆ ಈ ಸಂಗತಿಯನ್ನು ತಿಳಿಸಬೇಕಾಗಿ ಕೋರುತ್ತೇವೆ.