ಗೋಡೆ ಕಂಡಿತು, ಹುಡುಗ ಕಾಣಲಿಲ್ಲ

ಹದಿಹರೆಯದವರ ಪ್ರೇಮಕಥೆ ಎಂದೊಡನೆ ಓದುವ ಮೊದಲೇ ತೀರ್ಪು ನೀಡುವ ಹಿರಿಯರಿದ್ದಾರೆ. ಆಸ್ಟ್ರೇಲಿಯದ ಲೇಖಕಿ ಕ್ಯಾಥ್ ಕ್ರೌಲಿಯವರ ‘ಗ್ರಾಫಿಟಿ ಮೂನ್’ (2010) ಕಾದಂಬರಿಯನ್ನು ಅವರೊಮ್ಮೆ ಓದಲಿ. ಇರುಳಲ್ಲಿ ಗೋಡೆಗಳ ಮೇಲೆ ಚಿತ್ರ ಬಿಡಿಸುವ ‘ಶ್ಯಾಡೋ’ ಎಂಬ ಅಜ್ಞಾತ ಕಲಾವಿದನನ್ನು ಹುಡುಕಿ ಲೂಸಿ ಹೊರಡುತ್ತಾಳೆ. ಜೊತೆಯಲ್ಲಿರುವ ಎಡ್‌ನೇ ಆತನೆಂಬುದು ಅವಳಿಗೆ ತಿಳಿಯದು. ಪ್ರಣಯ ಇಲ್ಲಿ ನೆಪ ಮಾತ್ರ. ಎಡ್‌ಗೆ ಅಕ್ಷರಗಳು ಒಲಿಯಲಿಲ್ಲ, ಶಾಲೆ ತಪ್ಪಿತು, ಕೆಲಸವೂ ಹೋಯಿತು. ಹಾಳೆಯ ಮೇಲೆ ಹೇಳಲಾಗದ್ದನ್ನು ಅವನು ಗೋಡೆಯ ಮೇಲೆ ಹೇಳಿದ.

ಇಂತಹ ಹುಡುಗರಿಗೆ ಪ್ರಭುತ್ವ ಕೊಡುವುದೇನು? ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯ 2007ರಲ್ಲಿ ತಂದ ಕಾನೂನಿನಂತೆ, ಅನುಮತಿಯಿಲ್ಲದೆ ಗೋಡೆಗೆ ಬಣ್ಣ ಬಳಿದವರಿಗೆ 2 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಅದೇ ಮೆಲ್ಬರ್ನಿನ ಹೋಸಿಯರ್ ಲೇನ್‌ಗೆ ಗೋಡೆಚಿತ್ರ ನೋಡಲೆಂದೇ ಪ್ರವಾಸಿಗರು ಬರುತ್ತಾರೆ. 2011ರಲ್ಲಿ ಈ ಕಾದಂಬರಿಗೆ ಆ ದೇಶದ ಪ್ರಧಾನಮಂತ್ರಿ ಸಾಹಿತ್ಯ ಪ್ರಶಸ್ತಿಯೂ ಸಂದಿತು. ಪುಸ್ತಕದೊಳಗಿನ ಹುಡುಗನಿಗೆ ಸನ್ಮಾನ, ಬೀದಿಯಲ್ಲಿರುವವನಿಗೆ ಕಂಬಿ! ಇದಾವ ನ್ಯಾಯ?

ಪರರ ಗೋಡೆ ಕೆಡಿಸುವುದು ತಪ್ಪೇ ಸರಿ. ಆದರೆ ಬಣ್ಣ ಅಳಿಸುವ ಮುನ್ನ, ಆ ಕೈಗೆ ಲೇಖನಿ ಏಕೆ ದಕ್ಕಲಿಲ್ಲವೆಂದು ಶಾಲೆಯನ್ನೂ ಸಮಾಜವನ್ನೂ ಕೇಳಬೇಡವೇ?