ಹಳೆಯ ಟೀವಿ ಗಟ್ಟಿಯಾಗಿತ್ತೇ?

ಹಳೆಯ ಕಾಲದ ಟೀವಿ ಗಟ್ಟಿ, ಈಗಿನದು ಬರಿಯ ಥಳಕು ಎಂಬ ಮಾತು ನಮ್ಮವರಲ್ಲಿ ಒಂದು ಸಿದ್ಧಾಂತದಂತೆ ಬೇರೂರಿದೆ. ಸಯನ್, ಮಾಟುಂಗ ಕಡೆಯ ಯಾವ ಹೋಟೆಲಿನಲ್ಲಾದರೂ ಗೋಡೆಯ ಮೇಲಣ ತೆಳುಪರದೆಯ ಟೀವಿ ಒಂದು ದಿನ ಕಣ್ಣು ಮುಚ್ಚಿತೆಂದರೆ ಸಾಕು, ಗಲ್ಲಾದ ಬಳಿ ಕುಳಿತ ಹಿರಿಯರು ಇಪ್ಪತ್ತು ವರ್ಷ ಬಾಳಿದ ತಮ್ಮ ಹಳೆಯ ಸೆಟ್ಟಿನ ಗುಣಗಾನಕ್ಕೆ ತೊಡಗುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ನೆನಪಿನ ಮೋಸ. ಹಳೆಯ ಸೆಟ್ಟು ಇಪ್ಪತ್ತು ವರ್ಷ ಬಾಳಿದ್ದು ನಿಜವಿರಬಹುದು. ಆ ಇಪ್ಪತ್ತು ವರ್ಷಗಳಲ್ಲಿ ಅದು ಎಷ್ಟು ಸಲ ರಿಪೇರಿಯವನ ಮೇಜಿನ ಮೇಲೆ ಮಲಗಿತ್ತೆಂಬ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ. ಅದು ಕೆಟ್ಟು ಕೆಟ್ಟು, ಪ್ರತಿ ಸಲವೂ ಸರಿಯಾಗಿ, ಹಾಗೆ ಬಾಳಿದ ಯಂತ್ರ. ಈ ಭೇದವನ್ನು ಮರೆತುದರಿಂದಲೇ ಇಂದು ನಮ್ಮ ಹೋಟೆಲು ನೌಕರರೂ ಗುಮಾಸ್ತರೂ ಅನ್ಯಾಯವಾಗಿ ದುಡ್ಡು ಕಳೆದುಕೊಳ್ಳುತ್ತಿದ್ದಾರೆಂಬುದು ನಮ್ಮ ಅಭಿಪ್ರಾಯ.

ಭಾರತದಲ್ಲಿ ಟೆಲಿವಿಷನ್ 1959ರ ಸೆಪ್ಟೆಂಬರ್ 15ರಂದು ದಿಲ್ಲಿಯಲ್ಲಿ ಪ್ರಾಯೋಗಿಕವಾಗಿ ಪ್ರಾರಂಭವಾಯಿತು. ಮುಂಬಯಿಗೆ ಅದು ಬಂದುದು 1972ರ ಅಕ್ಟೋಬರ್ 2ರಂದು. ಆಗಿನ ಅನೇಕ ಸೆಟ್ಟುಗಳಲ್ಲಿ ಚಿತ್ರನಳಿಕೆಯಲ್ಲದೆ ಬೇರೆ ಗಾಜಿನ ವಾಲ್ವುಗಳೂ ಇರುತ್ತಿದ್ದವು. ವಾಲ್ವುಗಳ ಫಿಲಮೆಂಟುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿರುತ್ತಿದ್ದರು. ಗಣೇಶೋತ್ಸವದ ಮಂಟಪಕ್ಕೆ ಕಟ್ಟುವ ಸಣ್ಣ ಬಲ್ಬುಗಳ ಸರವನ್ನು ನೆನೆದುಕೊಂಡರೆ ವಾಚಕರಿಗೆ ಇದು ಒಡನೆಯೇ ತಿಳಿದೀತು: ಸರದಲ್ಲಿ ಒಂದು ಬಲ್ಬು ಸತ್ತರೆ ಇಡೀ ಸರವೇ ಕತ್ತಲಾಗುತ್ತದೆ. ಅಂತೆಯೇ ಒಂದು ವಾಲ್ವಿನ ಫಿಲಮೆಂಟು ಕಡಿಯಿತೆಂದರೆ ಟೀವಿಯೇ ಸತ್ತಂತೆ. ಆದರೆ ಆ ಒಂದು ವಾಲ್ವನ್ನು ಮೀಟರಿನಿಂದ ಹುಡುಕಿ, ಕಿತ್ತು, ಅದೇ ನಂಬರಿನ ಇನ್ನೊಂದನ್ನು ಚುಚ್ಚಿದರೆ ಕೆಲಸ ಮುಗಿಯುತ್ತಿತ್ತು. ಬೆಸುಗೆಯ ಅಗತ್ಯವೂ ಇರಲಿಲ್ಲ. ಲ್ಯಾಮಿಂಗ್ಟನ್ ರೋಡಿಗೆ ಹೋದರೆ ವಾಲ್ವು ದೊರೆಯುತ್ತಿತ್ತು. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರಖಾನೆ 1961ರಿಂದಲೇ ವಾಲ್ವುಗಳನ್ನು ತಯಾರಿಸುತ್ತಿತ್ತೆಂಬುದನ್ನು ಕನ್ನಡಿಗರು ಮರೆಯಬಾರದು.

ಆ ಯಂತ್ರದ ರೋಗಗಳು ಒಂದೆರಡಲ್ಲ. ಅವುಗಳಲ್ಲಿ ಹೆಚ್ಚಿನವು ಪರದೆಯ ಮೇಲೆಯೇ ತಮ್ಮ ಗುರುತನ್ನು ಬರೆದು ತೋರಿಸುತ್ತಿದ್ದವು. ಚಿತ್ರವೆಲ್ಲ ಕುಗ್ಗಿ ನಡುವೆ ಒಂದೇ ಒಂದು ಅಡ್ಡ ಬಿಳಿಗೆರೆ ಉಳಿದರೆ, ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಹರಡುವ ಭಾಗ ಕೆಟ್ಟಿದೆಯೆಂದು ಅರ್ಥ. ಆ ಗೆರೆಯನ್ನು ಹಾಗೆಯೇ ಬಿಟ್ಟರೆ ಪರದೆಯ ಒಳಲೇಪ ಅಲ್ಲಿ ಸುಟ್ಟು ಶಾಶ್ವತವಾದ ಕಲೆ ನಿಲ್ಲುವುದರಿಂದ, ಬಲ್ಲವರು ಮೊದಲು ಬೆಳಕನ್ನು ತಗ್ಗಿಸುತ್ತಿದ್ದರು. ಧ್ವನಿಯಿದ್ದು ಬೆಳಕೇ ಇಲ್ಲದಿದ್ದರೆ ಎಲ್ಲರ ದೃಷ್ಟಿಯೂ ಇ.ಎಚ್.ಟಿ. ಟ್ರಾನ್ಸ್‌ಫಾರ್ಮರಿನ ಕಡೆಗೆ ಹೋಗುತ್ತಿತ್ತು. ಚಿತ್ರ ಎರಡೂ ಬದಿಯಿಂದ ಒಳಕ್ಕೆ ಸರಿದರೆ ವಿದ್ಯುತ್ತಿನ ಒತ್ತಡ ಸಾಲದೆಂದು ಸಂದೇಹ. ಬೆಳಗ್ಗೆ ಹಚ್ಚಿದ ಟೀವಿಯಲ್ಲಿ ಮುಖಗಳು ಮಂಕಾಗಿ ಮೂಡಿ ಬಹಳ ಹೊತ್ತಿನ ಮೇಲೆ ತಿಳಿಯಾಗುವಂತಾದರೆ ಚಿತ್ರನಳಿಕೆಗೇ ಮುಪ್ಪು ಬಂದಿದೆಯೆಂದು ತಿಳಿಯಬೇಕು. ಅದಕ್ಕೂ ಕೈಮದ್ದುಗಳಿದ್ದವು: ಫಿಲಮೆಂಟಿಗೆ ತುಸು ಹೆಚ್ಚು ವಿದ್ಯುತ್ತನ್ನು ಕೊಟ್ಟು ಇನ್ನೊಂದೆರಡು ವರ್ಷ ತಳ್ಳುವವರೂ ಇದ್ದರು.

ಟೀವಿಯ ಪಕ್ಕೆಗೆ ಒಂದು ಏಟು ಕೊಟ್ಟರೆ ಚಿತ್ರ ಬರುತ್ತಿದ್ದುದನ್ನು ನೆನೆದು ಈಗಿನ ಹುಡುಗರು ನಗುತ್ತಾರೆ. ನಗುವ ಸಂಗತಿ ಅದಲ್ಲ. ಬಿಸಿಯಾಗಿ ಹಿಗ್ಗುತ್ತ, ತಣಿದು ಕುಗ್ಗುತ್ತ ಇದ್ದ ಬೆಸುಗೆಗಳು ಕೂದಲೆಳೆಯಷ್ಟು ಬಿರಿಯುತ್ತಿದ್ದವು. ವಾಲ್ವಿನ ಕಾಲುಗಳು ಸಾಕೆಟ್ಟಿನಲ್ಲಿ ಸಡಿಲವಾಗುತ್ತಿದ್ದವು. ಏಟಿನಿಂದ ಸಂಪರ್ಕ ಮರಳಿ ಕೂಡುತ್ತಿತ್ತು, ಅಷ್ಟೆ. ಹೊಡೆದು ಹೊಡೆದು ಬಿರುಕನ್ನು ದೊಡ್ಡದು ಮಾಡುವುದಕ್ಕಿಂತ ಒಂದು ಹನಿ ಸೋಲ್ಡರು ಹಾಕಿಸುವುದು ಮೇಲೆಂದು ರಿಪೇರಿಯವರು ಹೇಳುತ್ತಿದ್ದರು. ಕೇಳಿದವರು ಕಡಮೆ.

ನಮ್ಮ ಹೋಟೆಲುಗಳಂತೂ ಟೀವಿಗೆ ಹೇಳಿ ಮಾಡಿಸಿದ ಶತ್ರುಸ್ಥಾನಗಳು. ಚಿತ್ರನಳಿಕೆ ಕೆಲಸ ಮಾಡಲು ಕಪ್ಪುಬಿಳುಪು ಸೆಟ್ಟಿನಲ್ಲಿ ಸುಮಾರು 15,000 ವೋಲ್ಟು, ಬಣ್ಣದ ಸೆಟ್ಟಿನಲ್ಲಿ ಸುಮಾರು 25,000 ವೋಲ್ಟುಗಳ ಒತ್ತಡ ಬೇಕು. ಇಷ್ಟು ಒತ್ತಡವಿರುವ ತಂತಿ ಸುತ್ತಲಿನ ಧೂಳನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ. ವಡೆ, ಬೋಂಡಾ ಕರಿಯುವ ಬಾಣಲೆಯ ಹೊಗೆ ಧೂಳಿನೊಡನೆ ಸೇರಿ ಅಲ್ಲಿ ಜಿಡ್ಡಾಗಿ ಕೂರುತ್ತದೆ. ಮುಂಬಯಿಯ ಮಳೆಗಾಲದ ತೇವ ಅದರ ಮೇಲೆ ಹತ್ತಿದರೆ ಒಳಗಿನಿಂದ ಚಿಟಿಚಿಟಿ ಸದ್ದು, ಸುಟ್ಟ ವಾಸನೆ. ಸೋಮವಾರದಿಂದ ಶನಿವಾರದವರೆಗೆ ಇದನ್ನು ಯಾರೂ ಗಮನಿಸದಿದ್ದರೂ, 1987ರ ಜನವರಿಯಲ್ಲಿ ‘ರಾಮಾಯಣ’ ಪ್ರಾರಂಭವಾದ ಮೇಲೆ ಭಾನುವಾರದ ಬೆಳಗ್ಗೆ ಟೀವಿ ಕೈಕೊಟ್ಟರೆ ಮಾಲೀಕರ ವ್ಯಾಪಾರಕ್ಕೇ ಪೆಟ್ಟು. ಶನಿವಾರ ಸಂಜೆ ರಿಪೇರಿಯವನಿಗೆ ಹೋಟೆಲಿನಲ್ಲಿ ಸಿಗುತ್ತಿದ್ದ ಮರ್ಯಾದೆ ದೊಡ್ಡ ಗಿರಾಕಿಗಳಿಗೂ ಸಿಗುತ್ತಿರಲಿಲ್ಲ.

ಆ ರಿಪೇರಿಯವನು ಯಾರೆಂಬುದೇ ನಮಗೆ ಮುಖ್ಯವಾದ ಪ್ರಶ್ನೆ. ಊರಿನಿಂದ ಬಂದು ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು ಗುಮಾಸ್ತರಾದವರ ಕಥೆಯನ್ನು ನಮ್ಮ ಸಭೆಗಳಲ್ಲಿ ಸಾಕಷ್ಟು ಸಲ ಹೇಳಿದ್ದಾಗಿದೆ. ಅದೇ ಮಾಣಿಗಳಲ್ಲಿ ಕೈಯ ಕೆಲಸ ಬಲ್ಲ ಹುಡುಗರಿಗೆ ತೆರೆದ ಇನ್ನೊಂದು ದಾರಿ ರೇಡಿಯೊ ಟೀವಿ ರಿಪೇರಿಯದು. ಅದಕ್ಕೆ ಬೇಕಾದ ಬಂಡವಾಳವೆಂದರೆ ಒಂದು ಮೀಟರು, ಒಂದು ಬೆಸುಗೆಯ ಕಾವಿ, ಸ್ಕ್ರೂಡ್ರೈವರು, ಮತ್ತು ಒಬ್ಬ ಗುರುವಿನ ಬಳಿ ಎರಡು ವರ್ಷ ಬಾಯಿ ಮುಚ್ಚಿ ಕೂರುವ ತಾಳ್ಮೆ. ಮಾಡಿನಡಿಯ ಮೆಟ್ಟಿಲಿನ ಕೆಳಗೆ ನಾಲ್ಕಡಿ ಜಾಗ ಸಿಕ್ಕರೆ ಅದೇ ಅಂಗಡಿ. ಪಗಾರಕ್ಕೆ ಕೈಯೊಡ್ಡದೆ ಬದುಕಿದವರ ಸಾಲಿನಲ್ಲಿ ಇವರನ್ನೂ ಎಣಿಸಬೇಕು. ಮೇಲಿಂದ ಮೇಲೆ ಕೆಡುವ ಆ ಯಂತ್ರವೇ ಇವರ ಅನ್ನವಾಗಿತ್ತು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರು ಮಳೆ ಸುರಿದಾಗ ತಗ್ಗಿನ ಖೋಲಿಗಳಿಗೆಲ್ಲ ನೀರು ನುಗ್ಗಿತು. ಆಗಿನ ಸೆಟ್ಟುಗಳ ಹಲಗೆಯನ್ನು ಶುದ್ಧ ನೀರಿನಲ್ಲಿ ತೊಳೆದು, ದಿನಗಟ್ಟಲೆ ಒಣಗಿಸಿ, ಸತ್ತ ಭಾಗಗಳನ್ನು ಬದಲಿಸಿ ಮತ್ತೆ ನಡೆಸುವ ಆಸೆಯನ್ನಾದರೂ ಇಟ್ಟುಕೊಳ್ಳಬಹುದಾಗಿತ್ತು. ಊರಿಗೆ ಬಸ್ಸಿನಲ್ಲಿ ಸಾಗಿಸಿದ ಸೆಟ್ಟುಗಳಿಗೆ ಆಶ್ವೀಜ ಕಾರ್ತೀಕಗಳ ಸಂಜೆಯ ಸಿಡಿಲಿನದೇ ಭಯ. ಮಾಡಿನ ಮೇಲಣ ಆಂಟೆನಾದ ತಂತಿಯನ್ನು ಕಿತ್ತಿಡಲು ಮರೆತವರ ಮನೆಯಲ್ಲಿ ಟೀವಿ ಸುಡುತ್ತಿತ್ತು. ಅದನ್ನೂ ಪೇಟೆಯಲ್ಲಿ ಯಾರೋ ಒಬ್ಬರು ಬಿಚ್ಚಿ ನೋಡುತ್ತಿದ್ದರು.

ಈಗಿನ ಸ್ಥಿತಿಯನ್ನು ನೋಡೋಣ. ತೆಳುಪರದೆಯ ಟೀವಿಯಲ್ಲಿ ಧ್ವನಿ ಬರುತ್ತದೆ, ಚಿತ್ರವಿಲ್ಲ. ನಾಲ್ಕೈದು ಜನ ನೌಕರರು ವಂತಿಗೆ ಹಾಕಿ, ಕಂತಿನಲ್ಲಿ ಕೊಂಡ ಸೆಟ್ಟು. ವಾರಂಟಿ ಮುಗಿದಿದೆ. “ಪ್ಯಾನೆಲ್ ಹೋಗಿದೆ, ಹೊಸದನ್ನು ಕೊಳ್ಳುವುದೇ ಲಾಭ” ಎಂಬ ತೀರ್ಪು ಸರ್ವೀಸಿನವರಿಂದ ನಿಂತ ಕಾಲಿನಲ್ಲೇ ಹೊರಡುತ್ತದೆ. ಪ್ಯಾನೆಲೇ ಒಡೆದಿದ್ದರೆ ಆ ಮಾತು ಸರಿ, ಏಕೆಂದರೆ ಸೆಟ್ಟಿನ ಬೆಲೆಯ ಬಹುಪಾಲು ಅದರದೇ. ಆದರೆ ಧ್ವನಿಯಿದ್ದು ಚಿತ್ರವಿಲ್ಲದಿರುವುದಕ್ಕೆ ಅನೇಕ ವೇಳೆ ಕಾರಣ ಬೇರೆ. ಪರದೆಯ ಹಿಂದೆ ಬೆಳಕು ಕೊಡುವ ಸಣ್ಣ ಎಲ್‌ಇಡಿ ದೀಪಗಳ ಪಟ್ಟಿಗಳಿರುತ್ತವೆ. ಆ ದೀಪಗಳನ್ನು ಜೋಡಿಸಿರುವುದೂ ಸರಣಿಯಲ್ಲಿಯೇ! ಒಂದು ದೀಪ ಸತ್ತರೆ ಸರವೆಲ್ಲ ಕತ್ತಲು. ಐವತ್ತು ವರ್ಷಗಳ ಹಿಂದಿನ ವಾಲ್ವಿನ ರೋಗವೇ ಹೊಸ ಅಂಗಿ ತೊಟ್ಟು ಬಂದಿದೆ. ಆಗ ಒಂದು ವಾಲ್ವು ಬದಲಾಗುತ್ತಿತ್ತು. ಈಗ ಇಡೀ ಟೀವಿಯೇ ಬದಲಾಗುತ್ತಿದೆ.

ಇದನ್ನು ಪರೀಕ್ಷಿಸುವುದಕ್ಕೆ ವಿದ್ಯೆ ಬೇಡ. ಕೋಣೆಯನ್ನು ಕತ್ತಲೆ ಮಾಡಿ, ಟೀವಿಯನ್ನು ಹಚ್ಚಿ, ಟಾರ್ಚನ್ನು ಪರದೆಯ ಸಮೀಪ ಓರೆಯಾಗಿ ಹಿಡಿಯಿರಿ. ಮಸುಕಾಗಿಯಾದರೂ ಚಿತ್ರ ಅಲುಗಾಡುವುದು ಕಂಡರೆ ಪ್ಯಾನೆಲು ಜೀವಂತವಾಗಿದೆ; ಕೆಟ್ಟಿರುವುದು ಹಿಂದಿನ ಬೆಳಕಿನ ಪಟ್ಟಿ, ಅಥವಾ ಅದಕ್ಕೆ ವಿದ್ಯುತ್ತು ಕೊಡುವ ಹಲಗೆ. ಪಟ್ಟಿಯ ಬೆಲೆ ಪ್ಯಾನೆಲಿನದರ ಒಂದು ಚಿಕ್ಕ ಅಂಶ. ಕೆಲಸ ನಾಜೂಕಿನದು, ಪರದೆಯನ್ನು ಬಿಚ್ಚುವಾಗ ಒಡೆಯುವ ಭಯವಿದೆ, ಒಪ್ಪೋಣ. ಆದರೂ ಕೈ ಪಳಗಿದವರು ಇದನ್ನು ದಿನವೂ ಮಾಡುತ್ತಿದ್ದಾರೆ. ಟಾರ್ಚು ಹಿಡಿದು ನೋಡದೆ ಗುಜರಿಯವನನ್ನು ಕರೆಯಬೇಡಿರೆಂದು ನಮ್ಮ ನೌಕರ ಬಂಧುಗಳಲ್ಲಿ ವಿನಂತಿ.

ಹೀಗೆಂದ ಮಾತ್ರಕ್ಕೆ ಹಳೆಯ ಡಬ್ಬಿಟೀವಿಯನ್ನೇ ಮರಳಿ ತನ್ನಿರೆಂದು ನಾವು ಹೇಳುತ್ತಿಲ್ಲ. ಅದು ವಿದ್ಯುತ್ತನ್ನು ಹೆಚ್ಚು ತಿನ್ನುತ್ತದೆ, ಖೋಲಿಯ ಮೂಲೆಯನ್ನೆಲ್ಲ ಆಕ್ರಮಿಸುತ್ತದೆ. 2012ರ ಕೊನೆಯಲ್ಲಿ ಮುಂಬಯಿಯ ಕೇಬಲು ಡಿಜಿಟಲ್ ಆದ ಮೇಲೆ ಬೇರೆ ಪೆಟ್ಟಿಗೆಯ ಸಹಾಯವಿಲ್ಲದೆ ಅದಕ್ಕೆ ಕೇಬಲಿನ ಚಿತ್ರ ಸಿಗದು. ಸ್ವಿಚ್ಚು ಆರಿಸಿ ತಂತಿ ಕಿತ್ತ ಮೇಲೂ ಚಿತ್ರನಳಿಕೆಯಲ್ಲಿ ವಿದ್ಯುತ್ತು ನಿಂತಿರುತ್ತದೆ, ಅರಿಯದವರು ಕೈಯಿಡಬಾರದು. ಅದರ ಗಾಜಿನಲ್ಲಿ ಸೀಸವಿದೆ, ದೊಡ್ಡ ನಳಿಕೆಯಲ್ಲಿ ಒಂದೆರಡು ಕಿಲೋದಷ್ಟು. ತಾಮ್ರದ ಸುರುಳಿಯ ಆಸೆಗೆ ಕಲ್ಲಿನಿಂದ ಕುತ್ತಿಗೆ ಮುರಿಯುವುದೆಂದರೆ ಸೀಸದ ಪುಡಿಯನ್ನು ಬಡವರ ಮಕ್ಕಳಿಗೆ ಕುಡಿಸಿದಂತೆ. ಇಲೆಕ್ಟ್ರಾನಿಕ್ ಕಸದ ಬಗೆಗಿನ ನಿಯಮಗಳು 2012ರಿಂದ ಜಾರಿಯಲ್ಲಿದ್ದು 2023ರ ಏಪ್ರಿಲಿನಿಂದ ಹೊಸ ರೂಪದಲ್ಲಿ ನಡೆಯುತ್ತಿವೆ. ಮೂಲೆಯಲ್ಲಿ ಹಳೆಯ ಸೆಟ್ಟು ಉಳಿದಿದ್ದರೆ ಪರವಾನಗಿಯುಳ್ಳವರಿಗೇ ಒಪ್ಪಿಸುವುದು ಯೋಗ್ಯ. ಹತ್ತಿಪ್ಪತ್ತು ರೂಪಾಯಿಯ ಹೆಚ್ಚುಕಡಮೆಗೆ ನೋಡಬಾರದು.

ಮುಖ್ಯ ವಿಷಯ ಕಟ್ಟಳೆಯದು. ಹಿಂದೆ ಹಲವು ಸೆಟ್ಟುಗಳ ಜೊತೆಗೆ ಸರ್ಕ್ಯೂಟಿನ ನಕ್ಷೆಯೇ ಬರುತ್ತಿತ್ತು. ಇಂದು ನಕ್ಷೆ ಗುಟ್ಟು, ಬಿಡಿಭಾಗ ಗುಟ್ಟು. ಯುರೋಪಿನಲ್ಲಿ 2021ರ ಮಾರ್ಚಿನಿಂದ, ಒಂದು ಮಾದರಿಯ ಕೊನೆಯ ಟೀವಿ ಮಾರುಕಟ್ಟೆಗೆ ಬಂದ ಮೇಲೂ ಏಳು ವರ್ಷ ರಿಪೇರಿಯವರಿಗೆ ಬಿಡಿಭಾಗ ಒದಗಿಸಬೇಕೆಂಬ ನಿಯಮವಿದೆ. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿ ನೇಮಿಸಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನು ತೆರೆಯಿತು. ಮಾಹಿತಿ ಕೊಡುವುದು ಒಳ್ಳೆಯದೇ. ಆದರೆ ಕಂಪೆನಿ ತಾನಾಗಿ ಕೊಟ್ಟಷ್ಟೇ ಮಾಹಿತಿ, ತಾನಾಗಿ ಮಾರಿದಷ್ಟೇ ಬಿಡಿಭಾಗ ಎಂದಾದರೆ ಅದನ್ನು ಹಕ್ಕೆಂದು ಕರೆಯುವುದು ಹೇಗೆ? ಇಂತಿಷ್ಟು ವರ್ಷ ಬಿಡಿಭಾಗ ಸಿಗಲೇಬೇಕು, ಅದರ ಬೆಲೆ ಪೆಟ್ಟಿಗೆಯ ಮೇಲೆಯೇ ಅಚ್ಚಾಗಬೇಕು. ಕೊಳ್ಳುವವನು ಟೀವಿಯ ಬೆಲೆಯೊಡನೆ ಬೆಳಕಿನ ಪಟ್ಟಿಯ ಬೆಲೆಯನ್ನೂ ಓದಿಕೊಂಡೇ ಹಣ ಎಣಿಸಲಿ.

ಸರಕಾರ ಮಾಡುವಷ್ಟು ದಿನ ಕೈಕಟ್ಟಿ ಕೂರಬೇಕಾದುದಿಲ್ಲ. ನಮ್ಮ ರಾತ್ರಿಶಾಲೆಗಳಲ್ಲಿ ಹಲವು ಮುಚ್ಚಿದವು. ನಮ್ಮ ಸಂಘಗಳ ಸಭಾಗೃಹಗಳು ಮಾತ್ರ ಇವೆ. ಸನ್ಮಾನ, ಯಕ್ಷಗಾನಗಳಿಲ್ಲದ ವಾರದ ಎರಡು ಸಂಜೆ ಅಲ್ಲಿ ಒಂದು ರಿಪೇರಿ ವರ್ಗ ನಡೆಯಬಾರದೇಕೆ? ಹೋಟೆಲಿನ ಕೆಲಸ ಮುಗಿಯುವ ಹೊತ್ತಿಗೆ ಸರಿಹೊಂದುವಂತೆ ರಾತ್ರಿ ಹತ್ತರ ಮೇಲಾದರೂ ಆದೀತು. ವಾಲ್ವಿನ ಕಾಲದ ಹಿರಿಯ ಕುಶಲಕರ್ಮಿಗಳು ಇನ್ನೂ ನಮ್ಮ ನಡುವೆ ಇದ್ದಾರೆ, ಕರೆದರೆ ಬಾರದಿರಲಾರರು. ಮೇಜು, ನಾಲ್ಕು ಮೀಟರು, ನಾಲ್ಕು ಬೆಸುಗೆಯ ಕಾವಿ ಸಂಘದವರು ಕೊಳ್ಳಲಿ. ಕೆಟ್ಟ ಟೀವಿಗಳನ್ನು ಹೋಟೆಲು ಮಾಲೀಕರು ಕಳಿಸಲಿ.